ಚೀನಾ ಬಗ್ಗೆ ಭಾಷಣ, ಪ್ರದರ್ಶನ, ಸಿನಿಮಾ: ಯಾರ ಮಾತು ಕೇಳಬೇಕು?

ಪ್ರಶ್ನೆ: ನಾನು ದಾವಣಗೆರೆ ಕಡೆಯವಳು, ಈಗ ಲಂಡನ್‌ನಲ್ಲಿ ಕೆಲಸ. ಇಲ್ಲಿ ಚೀನಾ ಬಗ್ಗೆ ವಾರಕ್ಕೆ ಒಂದಾದರೂ ಕಾರ್ಯಕ್ರಮ ಇರುತ್ತದೆ. ವಿಶ್ವವಿದ್ಯಾಲಯಗಳಲ್ಲಿ ಉಪನ್ಯಾಸ, ಮ್ಯೂಸಿಯಮ್ಮಿನಲ್ಲಿ ಪ್ರದರ್ಶನ, ಚೀನೀ ಹುಡುಗ ಹುಡುಗಿಯರು ನಡೆಸುವ ಸಿನಿಮಾ ಸಂಜೆ. ಆಫೀಸಿನ ಚೀನೀ ಗೆಳತಿ ಕೆಲವಕ್ಕೆ ನನ್ನನ್ನೂ ಕರೆಯುತ್ತಾಳೆ. ಒಂದು ಕಡೆ ಹೋದರೆ ಚೀನಾ ಸ್ವರ್ಗ, ಇನ್ನೊಂದು ಕಡೆ ಹೋದರೆ ನರಕ. ಕಲಾ ಪ್ರದರ್ಶನ ನೋಡಿದರೆ ಅದು ಕಲೆಯೋ ರಾಜಕೀಯವೋ ತಿಳಿಯುವುದಿಲ್ಲ. ಬೆಂಗಳೂರಿನಲ್ಲಿರುವ ನಮ್ಮಣ್ಣ “ಗಾಲ್ವಾನ್ ಆದಮೇಲೂ ಅಲ್ಲಿಗೆಲ್ಲ ಯಾಕೆ ಹೋಗ್ತೀಯ?” ಅಂತಾನೆ. ಯಾವುದಕ್ಕೆ ಹೋಗಲಿ, ಯಾರನ್ನು ನಂಬಲಿ? ಬೆಂಗಳೂರಿನಲ್ಲಿ ಇಂಥದ್ದು ಏನಾದರೂ ನಡೆಯುತ್ತಾ?

ಉತ್ತರ: ಎಲ್ಲದಕ್ಕೂ ಹೋಗಿ. ರಾಯಭಾರ ಕಚೇರಿಯವರು ಕರೆದರೂ ಹೋಗಿ, ಅವರನ್ನು ವಿರೋಧಿಸುವವರು ಕರೆದರೂ ಹೋಗಿ. ಹೊಗಳಿದರಾ ತೆಗಳಿದರಾ ಎಂದು ನೋಡಿ ಭಾಷಣವನ್ನು ಅಳೆಯಬೇಡಿ. ಹೊಗಳುವವರಲ್ಲೂ ಚೀನಾವನ್ನು ಚೆನ್ನಾಗಿ ಬಲ್ಲವರಿದ್ದಾರೆ. ತೆಗಳುವವರಲ್ಲಿ ಒಂದು ಸಲವೂ ಅಲ್ಲಿಗೆ ಹೋಗದವರು, ಒಂದಕ್ಷರ ಚೀನೀ ಓದದವರು ಬೇಕಾದಷ್ಟು ಜನ ಇದ್ದಾರೆ. ನಾನು ಯಾವ ಸಭೆಗೆ ಹೋದರೂ ಕೇಳಿಕೊಳ್ಳುವ ಪ್ರಶ್ನೆ ಒಂದೇ. ಇಲ್ಲಿ ಯಾವ ಮಾತನ್ನು ಎತ್ತುವ ಹಾಗಿಲ್ಲ? ಯಾಕೆ ಹಾಗಿಲ್ಲ? ಯಾರು ಕರೆದಿದ್ದಾರೆ, ಯಾರು ಹಣ ಕೊಟ್ಟಿದ್ದಾರೆ, ಪ್ರಶ್ನೋತ್ತರದಲ್ಲಿ ಮೈಕು ಯಾರ ಕೈಗೆ ಹೋಗುತ್ತದೆ, ಯಾರ ಹೆಸರು ಕೊನೆ ಗಳಿಗೆಯಲ್ಲಿ ಪಟ್ಟಿಯಿಂದ ಹೋಯಿತು ಎಂದು ನೋಡುತ್ತಾ ಹೋದರೆ ಭಾಷಣದಲ್ಲಿ ಸಿಗದಷ್ಟು ವಿಷಯ ಅಲ್ಲೇ ಸಿಗುತ್ತದೆ.

ಇದು ಸುಮ್ನೆ ಹೇಳುವ ಮಾತಲ್ಲ. 2009ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ಪುಸ್ತಕ ಮೇಳಕ್ಕೆ ಚೀನಾ ಗೌರವ ಅತಿಥಿ. ಮೇಳಕ್ಕೆ ಮುಂಚೆ ಸೆಪ್ಟೆಂಬರಿನಲ್ಲಿ ಒಂದು ವಿಚಾರ ಸಂಕಿರಣ ಇತ್ತು. ಅದಕ್ಕೆ ಪತ್ರಕರ್ತೆ ದಾಯ್ ಚಿಂಗ್ ಮತ್ತು ಕವಿ ಬೇಯ್ ಲಿಂಗ್ ಅವರನ್ನು ಕರೆದಿದ್ದರು. ದಾಯ್ ಚಿಂಗ್ ಯಾರು ಎಂದರೆ, ಯಾಂಗ್ಟ್ಸೆ ನದಿಗೆ ಕಟ್ಟಲು ಹೊರಟಿದ್ದ ತ್ರೀ ಗಾರ್ಜಸ್ ಅಣೆಕಟ್ಟನ್ನು ವಿರೋಧಿಸಿ 1989ರಲ್ಲಿ ಪುಸ್ತಕ ತಂದವರು. ಆ ಪುಸ್ತಕ ನಿಷೇಧವಾಯಿತು, ಅದೇ ವರ್ಷ ಬೀಜಿಂಗ್‌ನ ತಿಯಾನನ್‌ಮೆನ್ ಚೌಕದಲ್ಲಿ ಪ್ರಜಾಪ್ರಭುತ್ವ ಕೇಳಿ ನಡೆದ ಚಳವಳಿಯನ್ನು ಸೇನೆ ಹತ್ತಿಕ್ಕಿದ ನಂತರ ಅವರು ಜೈಲಿಗೂ ಹೋದರು. ಚೀನಾದ ಅಧಿಕೃತ ನಿಯೋಗ ಒಪ್ಪಲಿಲ್ಲ ಎಂದು ಸಂಘಟಕರು ಈ ಇಬ್ಬರ ಆಹ್ವಾನವನ್ನೇ ವಾಪಸ್ ತೆಗೆದುಕೊಂಡರು. ಜರ್ಮನಿಯ ಪತ್ರಿಕೆಗಳಲ್ಲಿ ಗಲಾಟೆಯಾಯಿತು. ಕೊನೆಗೆ ಇಬ್ಬರೂ ಬಂದರು. ಅವರು ಮಾತಾಡಲು ಎದ್ದಾಗ ನಿಯೋಗದವರು ಸಭೆ ಬಿಟ್ಟು ಹೊರನಡೆದರು, ಸಂಘಟಕರು ಕ್ಷಮೆ ಕೇಳಿದ ಮೇಲೆ ಮತ್ತೆ ಒಳಗೆ ಬಂದರು. ಆ ದಿನ ಯಾರ್ಯಾರು ಏನೇನು ಪ್ರಬಂಧ ಓದಿದರು ಎಂಬುದು ಇವತ್ತು ಯಾರಿಗೂ ನೆನಪಿಲ್ಲ. ಆದರೆ ಚೀನಾದ ಸಾಂಸ್ಕೃತಿಕ ಆಡಳಿತ ಹೊರದೇಶದಲ್ಲಿ ಹೇಗೆ ನಡೆದುಕೊಳ್ಳುತ್ತದೆ ಎಂಬುದು ಸಭೆ ಬಿಟ್ಟು ಹೋದ ಆ ಹೊತ್ತಿನಲ್ಲೇ ಕಂಡುಹೋಯಿತು.

ಇನ್ನೊಂದು ಘಟನೆ 2014ರದ್ದು. ಪೋರ್ಚುಗಲ್‌ನ ಬ್ರಾಗಾದಲ್ಲಿ ಚೀನಾ ಅಧ್ಯಯನ ಮಾಡುವ ಯುರೋಪಿನ ವಿದ್ವಾಂಸರ ಸಮ್ಮೇಳನ. ಹೊರದೇಶಗಳಲ್ಲಿ ಚೀನೀ ಭಾಷೆ, ಸಂಸ್ಕೃತಿ ಕಲಿಸುವ ಕನ್ಫ್ಯೂಷಿಯಸ್ ಸಂಸ್ಥೆಗಳನ್ನು ನಡೆಸುತ್ತಿದ್ದ ಚೀನಾ ಸರ್ಕಾರದ ಕಚೇರಿಯ ಮುಖ್ಯಸ್ಥೆ ಅಲ್ಲಿಗೆ ಬಂದರು. ಕಾರ್ಯಕ್ರಮ ಪುಸ್ತಕದಲ್ಲಿ ತೈವಾನ್‌ನ ಒಂದು ಪ್ರತಿಷ್ಠಾನದ ಹೆಸರಿತ್ತು. ಆ ಪುಟಗಳನ್ನೇ ಹರಿದುಹಾಕಿಸಿದರು. ನೂರಾರು ವಿದ್ವಾಂಸರ ಕೈಗೆ ಪುಟ ಹರಿದ ಪುಸ್ತಕ ಬಂತು. ಎಲ್ಲರಿಗೂ ಮೊದಲು ಮೂಡಿದ ಕುತೂಹಲ ಏನಿರಬಹುದು ಹೇಳಿ. ಹರಿದ ಪುಟದಲ್ಲಿ ಏನಿತ್ತು ಎಂಬುದೇ, ಅಲ್ವಾ?

ಹಾಗಂತ ಸರ್ಕಾರಿ ಕಾರ್ಯಕ್ರಮ ಅಂದರೆ ದೂರ ಇರಿ ಎನ್ನುವುದಿಲ್ಲ. ಸಿಯೋಲ್‌ನಲ್ಲಿ 2004ರಲ್ಲಿ ಶುರುವಾದ ಕನ್ಫ್ಯೂಷಿಯಸ್ ಸಂಸ್ಥೆಗಳು ಹದಿನೈದು ವರ್ಷದಲ್ಲಿ ಜಗತ್ತಿನಾದ್ಯಂತ 500 ದಾಟಿದವು. ಅಮೆರಿಕ ಮತ್ತು ಯುರೋಪಿನಲ್ಲಿ ಎಷ್ಟೋ ವಿಶ್ವವಿದ್ಯಾಲಯಗಳು ಆಮೇಲೆ ಅವನ್ನು ಮುಚ್ಚಿದವು. ಆದರೆ ಅಲ್ಲಿ ಭಾಷೆ ಕಲಿಸುವ ಮೇಷ್ಟ್ರುಗಳಲ್ಲಿ ಹೆಚ್ಚಿನವರು ಚೀನಾದ ಯಾವುದೋ ಊರಿನಿಂದ ಬಂದ ಸಾಧಾರಣ ಶಿಕ್ಷಕರು. ಅವರ ಹತ್ತಿರ ತಿಯಾನನ್‌ಮೆನ್ ಬಗ್ಗೆ ಕೇಳಿ ಅವರನ್ನು ಇಕ್ಕಟ್ಟಿಗೆ ಸಿಕ್ಕಿಸಬೇಡಿ. ಅವರ ಊರಿನ ಬಗ್ಗೆ ಕೇಳಿ, ಮಕ್ಕಳ ಶಾಲೆಯ ಬಗ್ಗೆ ಕೇಳಿ, ವಯಸ್ಸಾದ ಅಪ್ಪ ಅಮ್ಮನನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ಕೇಳಿ. ನಿಜವಾದ ಚೀನೀ ಸಮಾಜ ಅಲ್ಲೇ ಸಿಗುತ್ತದೆ. ಸರ್ಕಾರ ದುಡ್ಡು ಹಾಕಿದ ಪ್ರದರ್ಶನಗಳಿಂದಲೂ ಒಂದು ಉಪಯೋಗ ಇದೆ. ತನ್ನನ್ನು ಜಗತ್ತು ಹೇಗೆ ನೋಡಬೇಕು ಎಂದು ಆ ಸರ್ಕಾರ ಬಯಸುತ್ತದೆ ಎಂಬುದು ಅಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ವಿಶ್ವವಿದ್ಯಾಲಯದ ಉಪನ್ಯಾಸಗಳು ನಿಮಗೆ ಒಳ್ಳೆಯ ಆರಂಭ. ಲಂಡನ್‌ನ ಸೋಆಸ್ ವಿಶ್ವವಿದ್ಯಾಲಯದಲ್ಲಿರುವ ಚೀನಾ ಸಂಸ್ಥೆ, ಕಿಂಗ್ಸ್ ಕಾಲೇಜಿನ ಲಾವ್ ಚೀನಾ ಸಂಸ್ಥೆ, ಇವು ಸಾರ್ವಜನಿಕರಿಗೂ ಉಪನ್ಯಾಸ ಇಡುತ್ತವೆ. ಮೊದಮೊದಲು ಷಿ ಜಿನ್‌ಪಿಂಗ್ ಏನು ಯೋಚಿಸುತ್ತಾರೆ, ತೈವಾನ್ ಮೇಲೆ ಯಾವಾಗ ಯುದ್ಧ ಎನ್ನುವ ಶೀರ್ಷಿಕೆಗಳ ಹಿಂದೆ ಓಡಬೇಡಿ. ಅಂಥ ಭಾಷಣಗಳಲ್ಲಿ ಊಹೆ ಜಾಸ್ತಿ. ಹಳ್ಳಿಯಿಂದ ಪಟ್ಟಣಕ್ಕೆ ಹೋದ ಕೂಲಿಯವರ ಮಕ್ಕಳಿಗೆ ಪಟ್ಟಣದ ಶಾಲೆಯಲ್ಲಿ ಸೀಟು ಸಿಗದ ಹಾಗೆ ಮಾಡುವ ಹುಕೋ ನೋಂದಣಿ ಪದ್ಧತಿ, 2024ರಲ್ಲಿ 1 ಕೋಟಿ 34 ಲಕ್ಷ ಮಕ್ಕಳು ಹೆಸರು ನೋಂದಾಯಿಸಿದ, ಕಾಲೇಜು ಪ್ರವೇಶದ ಗಾವೋಕಾವೋ ಪರೀಕ್ಷೆ, 1980ರ ಹೊತ್ತಿಗೆ ಬಂದು 2015ರವರೆಗೆ ನಡೆದ ಒಂದೇ ಮಗುವಿನ ನೀತಿ ಮನೆಮನೆಗಳಲ್ಲಿ ಉಳಿಸಿದ ನೋವು, 2022ರಿಂದ ಇಳಿಯುತ್ತಿರುವ ಜನಸಂಖ್ಯೆ. ಇಂಥ ವಿಷಯದ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದವರ ಮಾತು ಕೇಳಿ. ಸಿಇಟಿ, ನೀಟ್ ನೋಡಿದ ಮನೆಯಿಂದ ಬಂದವರಿಗೆ ಗಾವೋಕಾವೋ ಎಂದರೇನು ಎಂದು ಯಾರೂ ಜಾಸ್ತಿ ವಿವರಿಸಬೇಕಿಲ್ಲ. ನೀವು ಅಲ್ಲಿ ಕುಳಿತ ಇಂಗ್ಲಿಷರಿಗಿಂತ ಬೇಗ ವಿಷಯ ಹಿಡಿಯುತ್ತೀರಿ.

ಪ್ರಶ್ನೋತ್ತರದಲ್ಲಿ ಏನು ಕೇಳಬೇಕು ಗೊತ್ತಾಗದಿದ್ದರೆ “ಈ ಮಾಹಿತಿ ನಿಮಗೆ ಎಲ್ಲಿಂದ ಸಿಕ್ಕಿತು?” ಎಂದು ಕೇಳಿ. ಇದು ಸಣ್ಣ ಪ್ರಶ್ನೆಯಲ್ಲ. ಈಗ ಚೀನಾ ಅಧ್ಯಯನದ ಜೀವ ಇರುವುದೇ ಇದರಲ್ಲಿ. ಚೀನಾದ ದೊಡ್ಡ ವಿದ್ವತ್ ಪ್ರಬಂಧ ಭಂಡಾರವಾದ ಸಿಎನ್‌ಕೆಐ 2023ರ ಏಪ್ರಿಲ್‌ನಿಂದ ಹೊರದೇಶದವರಿಗೆ ಹಲವು ಭಾಗಗಳನ್ನು ಮುಚ್ಚಿತು. ಪಿಎಚ್‌ಡಿ ಪ್ರಬಂಧ, ಅಂಕಿಅಂಶಗಳ ವಾರ್ಷಿಕ ಪುಸ್ತಕ, ಇಂಥವೆಲ್ಲ ಹೋದವು. ಅದೇ ವರ್ಷ ಜೂನ್‌ನಲ್ಲಿ ಪಟ್ಟಣದ ಯುವಜನರ ನಿರುದ್ಯೋಗ ಶೇ 21.3 ಎಂದು ಬಂತು. ಆಗಸ್ಟ್‌ನಲ್ಲಿ ಸರ್ಕಾರ ಆ ಅಂಕಿ ಕೊಡುವುದನ್ನೇ ನಿಲ್ಲಿಸಿತು. 2024ರ ಜನವರಿಯಲ್ಲಿ ಮತ್ತೆ ಶುರು ಮಾಡಿದಾಗ ಓದುತ್ತಿರುವವರನ್ನು ಲೆಕ್ಕದಿಂದ ಬಿಟ್ಟರು, ಅಂಕಿ ಇಳಿಯಿತು. ಉಪನ್ಯಾಸಕರು ಹಳೇ ಲೆಕ್ಕವನ್ನೂ ಹೊಸ ಲೆಕ್ಕವನ್ನೂ ಒಂದೇ ಗೆರೆಯಲ್ಲಿ ಜೋಡಿಸಿ ತೋರಿಸಿದರೆ ನೀವು ಕೈ ಎತ್ತಬಹುದು. ಒಳ್ಳೆಯ ವಿದ್ವಾಂಸರು ಇಂಥ ಪ್ರಶ್ನೆ ಬಂದರೆ ಖುಷಿಪಡುತ್ತಾರೆ. ಇನ್ನೊಂದು ಮಾತು. ಚೀನಾಕ್ಕೆ ಹೋಗಿಬರಲು ವೀಸಾ ಬೇಕಾದವರು, ಅಲ್ಲಿ ಗೆಳೆಯರು ಇರುವವರು ಕೆಲವು ಕಡೆ ಮಾತು ನುಂಗುತ್ತಾರೆ. ಅವರ ಮೌನವನ್ನು ತಕ್ಷಣ ಹೇಡಿತನ ಎಂದುಕೊಳ್ಳಬೇಡಿ. ಎಷ್ಟೋ ಸಲ ಅವರು ಕಾಪಾಡುತ್ತಿರುವುದು ತಮಗೆ ಸಂದರ್ಶನ ಕೊಟ್ಟ ಜನರನ್ನು.

ಈಗ ನಿಮ್ಮ ಗೆಳತಿ ಕರೆಯುವ ಸಂಜೆಗಳ ವಿಷಯ. ನನ್ನ ಮನಸ್ಸಿಗೆ ತುಂಬಾ ಹತ್ತಿರವಾದ ಭಾಗ ಇದು, ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ.

ಚೀನಾದೊಳಗೇ ಒಂದು ಕಾಲದಲ್ಲಿ ಇಂಥ ಸಂಜೆಗಳು ನಡೆಯುತ್ತಿದ್ದವು, ಅದೂ ಪುಸ್ತಕದಂಗಡಿಗಳಲ್ಲಿ. ಬೀಜಿಂಗ್‌ನಲ್ಲಿ ವಾನ್‌ಶೆಂಗ್, ಸಾನ್‌ವೇಯ್, ಶಾಂಘೈಯಲ್ಲಿ ಜಿಫೆಂಗ್. ಜಿಫೆಂಗ್ 1997ರಲ್ಲಿ ಒಂದು ಮೆಟ್ರೋ ನಿಲ್ದಾಣದ ಒಳಗೆ ಶುರುವಾಯಿತು. ಇತಿಹಾಸ, ಕಾನೂನು, ತತ್ತ್ವಶಾಸ್ತ್ರ, ಹೀಗೆ ಯಾವ ವಿಷಯವಾದರೂ ಸರಿ, ಒಬ್ಬರು ಬಂದು ಮಾತಾಡುತ್ತಿದ್ದರು. ಕೆಲಸ ಮುಗಿಸಿ ಬಂದವರು ನೆಲದ ಮೇಲೆ ಕೂತಾದರೂ ಕೇಳುತ್ತಿದ್ದರು. ಆಮೇಲೆ ಜಾಗದ ಗುತ್ತಿಗೆ ಮುಂದುವರಿಯಲಿಲ್ಲ. ಬೇರೆ ಕಡೆ ಜಾಗ ಹುಡುಕಿದರೆ ಅಲ್ಲಿನ ಮಾಲೀಕರ ಮೇಲೆ ಒತ್ತಡ. 2018ರ ಜನವರಿ 31 ಕೊನೆಯ ದಿನ. ಕೊನೆಯ ದಿನಗಳಲ್ಲಿ ಕರೆಂಟ್ ಕೂಡ ಹೋಯಿತು. ಓದುಗರು ಮೊಬೈಲ್ ಬೆಳಕಿನಲ್ಲಿ, ಮೇಣದಬತ್ತಿಯಲ್ಲಿ ಪುಸ್ತಕ ನೋಡಿದರು, ಹಾಡು ಹೇಳಿದರು. ಅಂಗಡಿಯ ಮಾಲೀಕ ಯು ಮಿಯಾವ್ 2024ರ ಸೆಪ್ಟೆಂಬರ್‌ನಲ್ಲಿ ಅದನ್ನು ಅಮೆರಿಕದ ವಾಷಿಂಗ್ಟನ್ ನಗರದಲ್ಲಿ ಮತ್ತೆ ತೆರೆದರು. ಪತ್ರಕರ್ತೆ ಜಾಂಗ್ ಜಿಯೆಪಿಂಗ್ 2022ರಲ್ಲಿ ತೈಪೆಯಲ್ಲಿ ಒಂದು ಪುಸ್ತಕದಂಗಡಿ ತೆರೆದರು, ಆಮೇಲೆ ಅದರ ಶಾಖೆ ಥಾಯ್ಲೆಂಡಿನ ಚಿಯಾಂಗ್ ಮಾಯ್‌ಗೂ ಬಂತು. ಟೋಕಿಯೊದ ಗಿಂಜಾದಲ್ಲಿ 2023ರಿಂದ ಬೀಜಿಂಗ್ ಮೂಲದ ಇನ್ನೊಂದು ಪುಸ್ತಕದಂಗಡಿ ಇದೆ. ಎಲ್ಲ ಕಡೆ ಅದೇ ಕ್ರಮ. ಸಂಜೆಗೆ ಒಬ್ಬರು ಮಾತಾಡುತ್ತಾರೆ, ಉಳಿದವರು ಕೇಳುತ್ತಾರೆ, ಆಮೇಲೆ ರಾತ್ರಿವರೆಗೆ ಚರ್ಚೆ. ಊರಲ್ಲಿ ಜಾಗ ಸಿಗದ ಮಾತು ಪರದೇಶಕ್ಕೆ ಬಂದು ಬಾಡಿಗೆ ಕೊಟ್ಟು ಕೂತಿದೆ.

2022ರ ನವೆಂಬರ್‌ನಲ್ಲಿ ಇದಕ್ಕೆ ಇನ್ನೊಂದು ವೇಗ ಬಂತು. ಆಗ ಕೋವಿಡ್ ಬಿಗಿ ಲಾಕ್‌ಡೌನ್. ಚೀನಾದ ಪಶ್ಚಿಮದ ಉರುಮ್ಚಿ ನಗರದ ಒಂದು ಅಪಾರ್ಟ್‌ಮೆಂಟಿಗೆ ಬೆಂಕಿ ಬಿದ್ದು ಕನಿಷ್ಠ 10 ಜನ ಸತ್ತರು. ಲಾಕ್‌ಡೌನ್‌ನಿಂದಲೇ ಅವರು ಹೊರಬರಲಾಗಲಿಲ್ಲ ಎಂದು ಜನ ಸಿಟ್ಟಾದರು. ಶಾಂಘೈ, ಬೀಜಿಂಗ್, ಇನ್ನೂ ಎಷ್ಟೋ ಊರುಗಳಲ್ಲಿ ಯುವಕ ಯುವತಿಯರು ಹೇಳಲು ಬಿಡದ ಮಾತಿನ ಗುರುತಾಗಿ ಏನೂ ಬರೆಯದ ಬಿಳಿ ಹಾಳೆ ಹಿಡಿದು ಬೀದಿಗೆ ಬಂದರು. ಲಂಡನ್‌ನಲ್ಲಿ ಓದುತ್ತಿದ್ದ ಮಕ್ಕಳೂ ಬಂದರು. ಹೆಚ್ಚಿನವರಿಗೆ ಅದು ಬದುಕಿನ ಮೊದಲ ಪ್ರತಿಭಟನೆ. ಈಗ ನೀವು ನೋಡುತ್ತಿರುವ ಸಿನಿಮಾ ಸಂಜೆ, ಸ್ತ್ರೀವಾದಿ ಓದುಕೂಟ, ಸ್ಟ್ಯಾಂಡ್‌ಅಪ್ ಕಾಮಿಡಿ ರಾತ್ರಿ, ಇವುಗಳಲ್ಲಿ ಬಹಳಷ್ಟು ಆ ಚಳಿಗಾಲದ ಗುರುತು ಪರಿಚಯದಿಂದ ಬೆಳೆದವು. ಕಾಮಿಡಿ ಯಾಕೆ ಎಂದು ನಿಮಗೆ ಅನ್ನಿಸಬಹುದು. ಚೀನಾದಲ್ಲಿ ಟಿಕೆಟ್ ಇಟ್ಟು ಮಾಡುವ ಪ್ರದರ್ಶನಕ್ಕೆ ಮೊದಲೇ ಸಂಸ್ಕೃತಿ ಇಲಾಖೆಯ ಒಪ್ಪಿಗೆ ಬೇಕು. 2023ರ ಮೇ ತಿಂಗಳಲ್ಲಿ ಲಿ ಹಾವೋಶಿ ಎಂಬ ಕಲಾವಿದ ತಾನು ಸಾಕಿಕೊಂಡ ಎರಡು ಬೀದಿನಾಯಿಗಳು ಅಳಿಲನ್ನು ಅಟ್ಟಿಸಿಕೊಂಡು ಹೋದ ಕತೆ ಹೇಳುವಾಗ, ಸೇನೆಯ ಒಂದು ಘೋಷವಾಕ್ಯವನ್ನು ನಾಯಿಗಳಿಗೆ ಅನ್ವಯಿಸಿದರು. ಅವರ ಕಂಪನಿಗೆ ದಂಡ ಮತ್ತು ಮುಟ್ಟುಗೋಲು ಸೇರಿ ಸುಮಾರು 1 ಕೋಟಿ 47 ಲಕ್ಷ ಯುವಾನ್ ಹೊಡೆತ. ಇದನ್ನು ನೋಡಿದ ಹುಡುಗಿ ಲಂಡನ್‌ನ ಯಾವುದೋ ಪಬ್ಬಿನ ಮಹಡಿಯಲ್ಲಿ ತನ್ನ ಭಾಷೆಯಲ್ಲಿ, ಯಾರ ಒಪ್ಪಿಗೆಯೂ ಇಲ್ಲದೆ ಹತ್ತು ನಿಮಿಷ ಮಾತಾಡುತ್ತಾಳೆ ಅಂದರೆ ಅದು ಬರೀ ನಗೆ ಅಲ್ಲ. ನಿಮಗೆ ಭಾಷೆ ಗೊತ್ತಿಲ್ಲದಿದ್ದರೂ ಹೋಗಿ. ಯಾವ ಮಾತಿಗೆ ಜನ ಜೋರಾಗಿ ನಕ್ಕರು, ಯಾವ ಮಾತಿಗೆ ಸುಮ್ಮನಾದರು ನೋಡಿ, ಆಮೇಲೆ ಗೆಳತಿಯನ್ನು ಕೇಳಿ.

ಆದರೆ ಇಲ್ಲಿ ನಿಮ್ಮ ಮೇಲೂ ಒಂದು ಜವಾಬ್ದಾರಿ ಇದೆ. ಫೋಟೊ ತೆಗೆಯಬೇಡಿ. ವೇದಿಕೆಯದ್ದು ತೆಗೆದರೂ ಮುಂದೆ ಕೂತವರ ತಲೆ, ಜಾಕೆಟ್ಟು, ಬ್ಯಾಗು ಬರುತ್ತದೆ. ಹೆಸರು ಕೇಳಿದಾಗ ಒಬ್ಬರು ಸುಮ್ನೆ ಒಂದು ಅಡ್ಡಹೆಸರು ಹೇಳಿದರೆ ಪೂರ್ತಿ ಹೆಸರು ಕೆದಕಬೇಡಿ. ಕೆಲವರು ಒಳಗೂ ಮಾಸ್ಕ್ ಹಾಕಿಕೊಂಡಿರುತ್ತಾರೆ. ಜಾಗದ ವಿಳಾಸ ನೋಂದಾಯಿಸಿದ ಮೇಲಷ್ಟೇ ಬರುತ್ತದೆ. ಇದು ಅತಿಯಾಯಿತು ಎಂದು ನಿಮಗೆ ಅನ್ನಿಸಿದರೆ 2025ರ ಎರಡು ಸಂಗತಿ ಹೇಳುತ್ತೇನೆ. ನವೆಂಬರ್‌ನಲ್ಲಿ ನ್ಯೂಯಾರ್ಕಿನಲ್ಲಿ ಚೀನಾದ ಸ್ವತಂತ್ರ ಸಿನಿಮಾಗಳ ಉತ್ಸವ ಶುರುವಾಗಬೇಕಿತ್ತು. ಎರಡು ದಿನ ಮುಂಚೆ ಅದನ್ನು ನಿಲ್ಲಿಸಬೇಕಾಯಿತು. ಚೀನಾದಲ್ಲಿರುವ ನಿರ್ದೇಶಕರ ಮೇಲೆ, ಅವರ ಮನೆಯವರ ಮೇಲೆ ಒತ್ತಡ ಬರುತ್ತಿದೆ ಎಂದು ಅದರ ನಿರ್ದೇಶಕ ಜು ರಿಕುನ್ ಹೇಳಿದರು. ಬೀಜಿಂಗ್ ಹೊರವಲಯದ ಸೊಂಗ್‌ಜುವಾಂಗ್‌ನಲ್ಲಿ ನಡೆಯುತ್ತಿದ್ದ ಸ್ವತಂತ್ರ ಸಿನಿಮಾ ಉತ್ಸವವನ್ನು ಪೊಲೀಸರು ಮುಚ್ಚಿಸಿದ್ದು 2014ರಲ್ಲಿ. ಅಂದರೆ ಹನ್ನೊಂದು ವರ್ಷದಲ್ಲಿ ಆ ಕೈ ಸಮುದ್ರ ದಾಟಿ ಬಂದಿದೆ. ಇನ್ನೊಂದು ಬ್ಯಾಂಕಾಕಿನದ್ದು. ಜುಲೈನಲ್ಲಿ ಅಲ್ಲಿನ ಕಲೆ ಮತ್ತು ಸಂಸ್ಕೃತಿ ಕೇಂದ್ರದಲ್ಲಿ ಸರ್ವಾಧಿಕಾರಗಳ ಬಗ್ಗೆ ಒಂದು ಪ್ರದರ್ಶನ ತೆರೆಯಿತು. ಚೀನೀ ರಾಯಭಾರ ಕಚೇರಿಯವರು ಬಂದು ಹೋದ ಮೇಲೆ ಟಿಬೆಟ್, ಉಯ್ಘರ್ (ಚೀನಾದ ಪಶ್ಚಿಮದ ಮುಸ್ಲಿಂ ಸಮುದಾಯ), ಹಾಂಗ್‌ಕಾಂಗ್ ಕಲಾವಿದರ ಹೆಸರುಗಳ ಮೇಲೆ ಕಪ್ಪು ಬಳಿಯಲಾಯಿತು, ಕೆಲವು ಕೃತಿಗಳನ್ನು ತೆಗೆಯಲಾಯಿತು. ನಿಮ್ಮ ಪಕ್ಕ ಕೂತ ಹುಡುಗಿಗೆ ಶೆನ್ಯಾಂಗ್‌ನಲ್ಲೋ ಚೆಂಗ್ಡುವಿನಲ್ಲೋ ಅಪ್ಪ ಅಮ್ಮ ಇರುತ್ತಾರೆ. ಅಷ್ಟು ನೆನಪಿರಲಿ.

ಹಾಂಗ್‌ಕಾಂಗಿನವರ ಸಭೆಗಳು ಬೇರೆ. ಅಲ್ಲಿನ ವಿಕ್ಟೋರಿಯಾ ಪಾರ್ಕಿನಲ್ಲಿ 1990ರಿಂದ ಪ್ರತಿವರ್ಷ ಜೂನ್ 4ರಂದು ತಿಯಾನನ್‌ಮೆನ್‌ನಲ್ಲಿ ಸತ್ತವರಿಗೆ ಮೇಣದಬತ್ತಿ ಹಚ್ಚುತ್ತಿದ್ದರು. 2020ರಿಂದ ಅದಕ್ಕೆ ಅವಕಾಶವಿಲ್ಲ. 2021ರಿಂದ ಒಂದೂವರೆ ಲಕ್ಷಕ್ಕೂ ಹೆಚ್ಚು ಹಾಂಗ್‌ಕಾಂಗಿಗರು ಬ್ರಿಟನ್ನಿಗೆ ಬಂದು ನೆಲೆಸಿದ್ದಾರೆ, ಹಾಗಾಗಿ ಆ ಸ್ಮರಣೆ ಈಗ ಲಂಡನ್ನಿನಲ್ಲಿದೆ. ಅವರ ಮಾತು ಕ್ಯಾಂಟನೀಸ್. “ನೀವೂ ಚೀನಾದವರು ತಾನೇ?” ಎಂದು ಅವರನ್ನು ಕೇಳಬೇಡಿ. ಕನ್ನಡದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಕಲೆಯೋ ರಾಜಕೀಯವೋ ಎಂದು ಕೇಳಿದ್ದೀರಿ. ಚೀನಾದಲ್ಲಿ ಈ ಪ್ರಶ್ನೆಯನ್ನು ಮೊದಲು ಗಟ್ಟಿ ಮಾಡಿದ್ದೇ ಕಮ್ಯುನಿಸ್ಟ್ ಪಕ್ಷ. 1942ರ ಮೇ ತಿಂಗಳಲ್ಲಿ ಮಾವೋ ಆಗ ಪಕ್ಷದ ನೆಲೆಯಾಗಿದ್ದ ಯಾನಾನ್‌ನಲ್ಲಿ ಕಲಾವಿದರನ್ನು ಕೂರಿಸಿಕೊಂಡು, ಕಲೆ ಕಾರ್ಮಿಕ, ರೈತ, ಸೈನಿಕರಿಗಾಗಿ ಇರಬೇಕು, ರಾಜಕೀಯದ ಕೆಳಗೆ ಇರಬೇಕು ಎಂದು ಭಾಷಣ ಮಾಡಿದರು. 2014ರ ಅಕ್ಟೋಬರ್‌ನಲ್ಲಿ ಷಿ ಜಿನ್‌ಪಿಂಗ್ ಬೀಜಿಂಗ್‌ನಲ್ಲಿ ಕಲಾವಿದರನ್ನು ಸೇರಿಸಿ ಮಾತಾಡಿದ್ದು ಅದೇ ಪರಂಪರೆಯಲ್ಲಿ. ಇದರ ಎದುರಿಗೆ 1979 ನೋಡಿ. ಆ ಸೆಪ್ಟೆಂಬರ್ 27ರಂದು ‘ನಕ್ಷತ್ರಗಳು’ ಎಂಬ ಗುಂಪಿನ ಹುಡುಗರು ಬೀಜಿಂಗ್‌ನ ರಾಷ್ಟ್ರೀಯ ಕಲಾ ಮ್ಯೂಸಿಯಂ ಹೊರಗಿನ ಕಬ್ಬಿಣದ ಬೇಲಿಗೆ ತಮ್ಮ ಚಿತ್ರಗಳನ್ನು ತೂಗುಹಾಕಿದರು. ಒಳಗೆ ಜಾಗ ಕೊಟ್ಟಿರಲಿಲ್ಲ. ಎರಡು ದಿನದಲ್ಲಿ ಪೊಲೀಸರು ತೆಗೆಸಿದರು. ಅಕ್ಟೋಬರ್ 1ರಂದು, ಅಂದರೆ ಗಣರಾಜ್ಯದ 30ನೇ ವರ್ಷದ ದಿನವೇ, ಅವರು ಮೆರವಣಿಗೆ ಹೊರಟರು. ಊರುಗೋಲಿನ ಮೇಲೆ ನಡೆಯುತ್ತಿದ್ದ ಮಾ ದೆಶೆಂಗ್ ಮುಂದೆ. ಮರುವರ್ಷ ಅದೇ ಮ್ಯೂಸಿಯಂ ಒಳಗೆ ಅವರ ಪ್ರದರ್ಶನ ಆಯಿತು, ಜನ ಕಿಕ್ಕಿರಿದರು. ಆ ಗುಂಪಿನಲ್ಲಿದ್ದ ಒಬ್ಬ ಹುಡುಗ ಐ ವೇಯ್‌ವೇಯ್.

ಆ ಹುಡುಗನೇ ಮುಂದೆ, 2008ರ ಸಿಚುವಾನ್ ಭೂಕಂಪದಲ್ಲಿ ಕಳಪೆ ಶಾಲಾ ಕಟ್ಟಡಗಳು ಕುಸಿದು ಸತ್ತ ಮಕ್ಕಳ ಹೆಸರನ್ನು ಮನೆಮನೆಗೆ ಸ್ವಯಂಸೇವಕರನ್ನು ಕಳಿಸಿ ಬರೆಸಿಕೊಂಡರು. 5000ಕ್ಕೂ ಹೆಚ್ಚು ಹೆಸರು. 2009ರಲ್ಲಿ ಮ್ಯೂನಿಕ್ ನಗರದ ಮ್ಯೂಸಿಯಂ ಗೋಡೆಗೆ 9000 ಶಾಲಾ ಬ್ಯಾಗುಗಳನ್ನು ಕಟ್ಟಿ, ಮಗಳನ್ನು ಕಳಕೊಂಡ ಒಬ್ಬ ತಾಯಿಯ ಮಾತನ್ನು ಅಕ್ಷರವಾಗಿ ಮೂಡಿಸಿದರು. ಏಳು ವರ್ಷ ಈ ಲೋಕದಲ್ಲಿ ಅವಳು ಖುಷಿಯಾಗಿ ಬದುಕಿದ್ದಳು ಎಂಬ ಅರ್ಥದ ಮಾತು ಅದು. ಇದು ಕಲೆಯೂ ಹೌದು, ರಾಜಕೀಯವೂ ಹೌದು. ಎರಡನ್ನು ಬಿಡಿಸಲು ಹೋದರೆ ಆ ತಾಯಿಯ ಮಾತೇ ಕಳೆದುಹೋಗುತ್ತದೆ.

ಆದರೆ ಎಲ್ಲ ಚೀನೀ ಕೃತಿಯಲ್ಲೂ ಪ್ರತಿಭಟನೆ ಹುಡುಕುವುದು ಪಶ್ಚಿಮದವರ ಹಳೇ ಚಟ. ನಾವೂ ಅದನ್ನು ಕಲಿಯಬೇಕಿಲ್ಲ. 1989ರ ಫೆಬ್ರವರಿ 5ರಂದು ಅದೇ ರಾಷ್ಟ್ರೀಯ ಕಲಾ ಮ್ಯೂಸಿಯಂನಲ್ಲಿ ಹೊಸ ಕಲೆಯ ದೊಡ್ಡ ಪ್ರದರ್ಶನ ತೆರೆಯಿತು. ಯು ಟರ್ನ್ ಇಲ್ಲ ಎನ್ನುವ ರಸ್ತೆಯ ಫಲಕವೇ ಅದರ ಗುರುತು. ಒಬ್ಬ ಕಲಾವಿದ ಸೀಗಡಿ ಮಾರಲು ಕೂತಿದ್ದ. ಶಿಯಾವ್ ಲು ಎಂಬ ಯುವತಿ, ಎರಡು ಟೆಲಿಫೋನ್ ಬೂತ್‌ಗಳಿದ್ದ ತನ್ನದೇ ಕೃತಿಯ ಮೇಲೆ ಪಿಸ್ತೂಲಿನಿಂದ ಎರಡು ಗುಂಡು ಹಾರಿಸಿದರು. ಪ್ರದರ್ಶನ ಮುಚ್ಚಿತು. ನಾಲ್ಕು ತಿಂಗಳಿಗೆ ತಿಯಾನನ್‌ಮೆನ್‌ನಲ್ಲಿ ಸೇನೆ ಗುಂಡು ಹಾರಿಸಿತು. ಆಮೇಲೆ ಎಲ್ಲರೂ ಶಿಯಾವ್ ಲು ಹಾರಿಸಿದ್ದನ್ನು ತಿಯಾನನ್‌ಮೆನ್‌ನ ಮೊದಲ ಗುಂಡು ಎಂದು ಕರೆದರು. ಆ ಕೃತಿಯಲ್ಲಿ, ಆಮೇಲೆ ಅವರ ಸಂಗಾತಿಯಾದ ತಾಂಗ್ ಸೊಂಗ್‌ಗೂ ಪಾಲು ಕೊಟ್ಟರು. ಹದಿನೈದು ವರ್ಷ ಕಳೆದ ಮೇಲೆ ಶಿಯಾವ್ ಲು ತಾವೇ ಹೇಳಿದರು: ಆ ಕೃತಿ ತನ್ನೊಬ್ಬಳದು, ತನ್ನ ಸ್ವಂತ ಬದುಕಿನ, ಗಂಡು ಹೆಣ್ಣಿನ ಸಂಬಂಧದ ನೋವಿನಿಂದ ಬಂದದ್ದು. ಗಂಡಸರು ಬರೆದ ಕಲಾ ಇತಿಹಾಸ ಒಬ್ಬ ಹೆಣ್ಣುಮಗಳ ಬಾಯಿಂದ ಅವಳ ಕತೆಯನ್ನೇ ಕಿತ್ತುಕೊಂಡು ಅದಕ್ಕೆ ರಾಜಕೀಯದ ಹಣೆಪಟ್ಟಿ ಹಚ್ಚಿತ್ತು. ಯಾವುದೇ ಪ್ರದರ್ಶನದಲ್ಲಿ ಗೋಡೆಯ ಚೀಟಿ ಓದಿ ಮುಂದೆ ಹೋಗುವ ಮುಂಚೆ ಈ ಕತೆ ನೆನಪಿಸಿಕೊಳ್ಳಿ. ಕಲಾವಿದರೇ ಬಂದು ಮಾತಾಡುವ ಸಂಜೆ ಇದ್ದರೆ ತಪ್ಪಿಸಿಕೊಳ್ಳಬೇಡಿ.

ನಿಮ್ಮ ಲಂಡನ್ನಿನದೇ ಉದಾಹರಣೆ ಬೇಕಾ? 2023ರ ಆಗಸ್ಟ್‌ನಲ್ಲಿ ಬ್ರಿಕ್ ಲೇನ್‌ನ ಒಂದು ಉದ್ದ ಗೋಡೆಗೆ, ಅಲ್ಲಿದ್ದ ಚಿತ್ರಗಳ ಮೇಲೆ ಬಿಳಿ ಬಳಿದು, ಚೀನೀ ಕಲಾ ವಿದ್ಯಾರ್ಥಿಗಳ ಒಂದು ಗುಂಪು ದೊಡ್ಡ ಕೆಂಪು ಅಕ್ಷರದಲ್ಲಿ 12 ಪದ ಬರೆಯಿತು. ಚೀನಾದ ಪ್ರತಿ ಬೀದಿ, ಪ್ರತಿ ಶಾಲೆಯಲ್ಲಿ ಕಾಣುವ ‘ಸಮಾಜವಾದಿ ಮೂಲ ಮೌಲ್ಯಗಳು’ ಇವು. ಸಮೃದ್ಧಿ, ಪ್ರಜಾಪ್ರಭುತ್ವ, ಸ್ವಾತಂತ್ರ್ಯ, ಸಮಾನತೆ, ದೇಶಪ್ರೇಮ ಹೀಗೆ. ಬರೆದವರು ಇದರಲ್ಲಿ ಅಂಥ ರಾಜಕೀಯ ಏನೂ ಇಲ್ಲ ಎಂದರು. ಕೆಲವೇ ಗಂಟೆಯಲ್ಲಿ ಬೇರೆ ಚೀನೀಯರು, ಹಾಂಗ್‌ಕಾಂಗಿನವರು ಬಣ್ಣದ ಡಬ್ಬಿ ಹಿಡಿದು ಬಂದರು. ಪ್ರತಿ ಪದದ ಮುಂದೆ ‘ಇಲ್ಲ’ ಎಂದು ಬರೆದರು. ಉಯ್ಘರರ ಬಗ್ಗೆ, ಜೂನ್ 4ರ ಬಗ್ಗೆ ಬರೆದರು. ಪರ ವಿರೋಧ ಎರಡೂ ಗೋಡೆಯ ಮೇಲೆ. ಆಮೇಲೆ ನಗರಸಭೆ ಎಲ್ಲದರ ಮೇಲೆ ಬಿಳಿ ಬಳಿಯಿತು. ಆ ಎರಡು ದಿನ ಆ ಗೋಡೆಯಷ್ಟು ಒಳ್ಳೆಯ ಚೀನಾ ಸಭೆ ಲಂಡನ್‌ನಲ್ಲಿ ಇನ್ನೊಂದು ನಡೆದಿಲ್ಲ ಎಂದೇ ನನ್ನ ಅಭಿಪ್ರಾಯ. ಯಾರೂ ಮೈಕು ಹಿಡಿದಿರಲಿಲ್ಲ, ಯಾರೂ ಪಟ್ಟಿ ಮಾಡಿರಲಿಲ್ಲ.

ರಾಜಕೀಯ ಸಾಕೆನಿಸಿದ ದಿನ ಬ್ರಿಟಿಷ್ ಮ್ಯೂಸಿಯಂನ 95ನೇ ಕೋಣೆಗೆ ಹೋಗಿ. ಪರ್ಸಿವಲ್ ಡೇವಿಡ್ ಸಂಗ್ರಹದ ಸುಮಾರು 1700 ಪಿಂಗಾಣಿ ವಸ್ತುಗಳಿವೆ. 1351ರಲ್ಲಿ ಮಾಡಿದ್ದು ಎಂದು ಮೈಮೇಲೇ ಬರೆದಿರುವ ನೀಲಿ ಬಿಳಿ ಹೂಜಿಗಳ ಮುಂದೆ ಸ್ವಲ್ಪ ಹೊತ್ತು ನಿಲ್ಲಿ. ಟಿಕೆಟ್ ಇಲ್ಲ. ಆದರೆ ಮ್ಯೂಸಿಯಮ್ಮುಗಳನ್ನೂ ಕಣ್ಣು ಮುಚ್ಚಿ ನಂಬಬೇಡಿ. 2023ರಲ್ಲಿ ಅಲ್ಲೇ 19ನೇ ಶತಮಾನದ ಚೀನಾ ಬಗ್ಗೆ ದೊಡ್ಡ ಪ್ರದರ್ಶನ ನಡೆಯಿತು. 1907ರಲ್ಲಿ ಶಿರಚ್ಛೇದಕ್ಕೆ ಒಳಗಾದ ಕ್ರಾಂತಿಕಾರಿ ಕವಯಿತ್ರಿ ಚಿಯು ಜಿನ್ ಪದ್ಯಗಳ ಇಂಗ್ಲಿಷ್ ಅನುವಾದವನ್ನು ಅನುವಾದಕಿ ಯಿಲಿನ್ ವಾಂಗ್ ಅವರ ಅನುಮತಿ ಇಲ್ಲದೆ, ಹೆಸರೂ ಹಾಕದೆ ಬಳಸಿದ್ದರು. ಅವರು ಪಟ್ಟು ಹಿಡಿದು ಹೋರಾಡಿದ ಮೇಲೆ ಮ್ಯೂಸಿಯಂ ಕ್ಷಮೆ ಕೇಳಿ ರಾಜಿಗೆ ಬಂತು.

ನಿಮ್ಮಣ್ಣನ ಮಾತಿಗೆ ಬರುತ್ತೇನೆ. ಅವರ ಸಿಟ್ಟು ನ್ಯಾಯವಾದದ್ದೇ. 2020ರ ಜೂನ್ 15ರ ರಾತ್ರಿ ಗಾಲ್ವಾನ್‌ನಲ್ಲಿ ನಮ್ಮ 20 ಸೈನಿಕರು ಹೋದರು. ಚೀನಾ ಎಂಟು ತಿಂಗಳು ಬಾಯಿ ಬಿಡಲಿಲ್ಲ, 2021ರ ಫೆಬ್ರವರಿಯಲ್ಲಿ ತನ್ನ ಕಡೆ ನಾಲ್ವರು ಸತ್ತರು ಎಂದಿತು. ಆ ಲೆಕ್ಕ ನಿಜವೇ ಎಂದು ಚೀನಾದೊಳಗೇ ಒಬ್ಬರು ಸಾಮಾಜಿಕ ಜಾಲತಾಣದಲ್ಲಿ ಕೇಳಿದರು. ಚಿಯು ಝಿಮಿಂಗ್, ಮೊದಲು ಪತ್ರಕರ್ತರಾಗಿದ್ದವರು. ಹುತಾತ್ಮರಿಗೆ ಅವಮಾನ ಮಾಡಿದರು ಎಂದು ಅವರಿಗೆ ಎಂಟು ತಿಂಗಳ ಜೈಲು. ನಿಮ್ಮಣ್ಣ ಕೇಳಬೇಕೆಂದಿರುವ ಪ್ರಶ್ನೆಯನ್ನೇ ಕೇಳಿ ಒಬ್ಬ ಚೀನೀ ಮನುಷ್ಯ ಜೈಲಿಗೆ ಹೋಗಿ ಬಂದಿದ್ದಾರೆ. ಇದನ್ನು ಅಣ್ಣನಿಗೆ ಹೇಳಿ. ಸರ್ಕಾರ ಬೇರೆ, ಜನ ಬೇರೆ ಎಂದು ಉಪದೇಶ ಮಾಡುವುದಕ್ಕಿಂತ ಈ ಒಂದು ಸಂಗತಿ ಸಾಕು.

ಭಾರತದವರು ಎಂದು ತಿಳಿದರೆ ಚೀನೀಯರು ಹೆಚ್ಚಾಗಿ ಸಿನಿಮಾ ಮಾತಿನಿಂದ ಶುರು ಮಾಡುತ್ತಾರೆ. 2017ರಲ್ಲಿ ‘ದಂಗಲ್’ ಅಲ್ಲಿ 100 ಕೋಟಿ ಯುವಾನ್ ದಾಟಿತ್ತು, ಅಪ್ಪನ ಹಟ ಮತ್ತು ಮಗಳ ಬದುಕಿನ ಬಗ್ಗೆ ಅಲ್ಲಿನ ಹುಡುಗಿಯರು ಜೋರಾಗಿ ಜಗಳ ಆಡಿದ್ದರು. ಇಮ್ಮಡಿ ಪುಲಕೇಶಿಯ ನಾಡಿನ ಬಗ್ಗೆ ಹುಯೆನ್ ತ್ಸಾಂಗ್ ಬರೆದಿದ್ದನ್ನು ನಾವು ಶಾಲೆಯಲ್ಲಿ ಓದಿದ್ದೇವೆ. ಅದನ್ನು ಹೇಳಿದರೆ ಅವರಿಗೂ ಸಂತೋಷ. ಆದರೆ ಎರಡು ಪುರಾತನ ನಾಗರಿಕತೆಗಳು ಎಂಬ ಸವೆದ ಮಾತಿಗೆ ಬೀಳಬೇಡಿ. 1924ರಲ್ಲಿ ಟ್ಯಾಗೋರರು ಚೀನಾಕ್ಕೆ ಹೋಗಿ ಪೂರ್ವದ ಆಧ್ಯಾತ್ಮದ ಬಗ್ಗೆ ಮಾತಾಡಿದಾಗ, ವಿಜ್ಞಾನ ಮತ್ತು ಪ್ರಜಾಪ್ರಭುತ್ವ ಬೇಕು ಎನ್ನುತ್ತಿದ್ದ ಅಲ್ಲಿನ ಯುವಕರು ಸಭೆಯಲ್ಲೇ ವಿರೋಧದ ಕರಪತ್ರ ಹಂಚಿದರು. ಟ್ಯಾಗೋರರು ಬೀಜಿಂಗ್‌ನ ಕೆಲವು ಭಾಷಣಗಳನ್ನು ಕೈಬಿಟ್ಟರು. ನೊಂದುಕೊಂಡರೂ ಚೀನಾವನ್ನು ಬಿಡಲಿಲ್ಲ. 1937ರಲ್ಲಿ ಶಾಂತಿನಿಕೇತನದಲ್ಲಿ ಚೀನಾ ಭವನ ಆಯಿತು, ತಾನ್ ಯುನ್‌ಶಾನ್ ಅದನ್ನು ಕಟ್ಟಿ ಬೆಳೆಸಿದರು.

ಬೆಂಗಳೂರಿನಲ್ಲಿ ಲಂಡನ್ನಿನಷ್ಟು ಇಲ್ಲ. ಆದರೆ ಇದೆ. ತಕ್ಷಶಿಲಾ ಸಂಸ್ಥೆಯಲ್ಲಿ ಚೀನಾ ಬಗ್ಗೆ ನಿರಂತರ ಕೆಲಸ ನಡೆಯುತ್ತದೆ. ಅಲ್ಲಿನ ಮನೋಜ್ ಕೇವಲರಮಾಣಿ ಚೀನೀ ಪಕ್ಷದ ಮುಖವಾಣಿ ‘ಪೀಪಲ್ಸ್ ಡೈಲಿ’ಯನ್ನು ಸಾಲು ಸಾಲಾಗಿ ಓದಿ, ಅದರಲ್ಲಿ ಏನಿದೆ ಎಂದು ಇಂಗ್ಲಿಷ್‌ನಲ್ಲಿ ವಿವರಿಸುವ ಸುದ್ದಿಪತ್ರ ಬರೆಯುತ್ತಾರೆ. ಅಣ್ಣನಿಗೆ ಅದನ್ನು ಓದಲು ಹೇಳಿ, ಅವರ ಸಿಟ್ಟಿಗೆ ಒಳ್ಳೆಯ ಮಾಹಿತಿಯೂ ಸೇರುತ್ತದೆ. ದೆಹಲಿಯ ಚೀನಾ ಅಧ್ಯಯನ ಸಂಸ್ಥೆ ಬಹಳ ವರ್ಷದಿಂದ ಬುಧವಾರದ ಗೋಷ್ಠಿ ನಡೆಸಿಕೊಂಡು ಬಂದಿದೆ, ಆನ್‌ಲೈನಿನಲ್ಲೂ ಕೇಳಬಹುದು. ಆದರೆ ನಮ್ಮಲ್ಲಿ ಚೀನಾ ಅಂದರೆ ಗಡಿ, ಸೇನೆ, ಆಮದು ಸುಂಕ ಇಷ್ಟೇ ಮಾತು. ಚೀನೀ ಹಳ್ಳಿಯ ಬಗ್ಗೆ, ಅಲ್ಲಿನ ಹೆಂಗಸರು ಬರೆಯುವುದರ ಬಗ್ಗೆ, ಅಲ್ಲಿನ ಚಿತ್ರಕಲೆಯ ಬಗ್ಗೆ ಕನ್ನಡದಲ್ಲಿ ಒಂದು ಸಂಜೆಯ ಉಪನ್ಯಾಸ ಹುಡುಕಿದರೂ ಸಿಗುವುದು ಕಷ್ಟ. ನಿಮ್ಮಂಥವರು ಲಂಡನ್ನಿನಲ್ಲಿ ಕೇಳಿದ್ದನ್ನು, ಮಾತಾಡಿದವರಿಗೆ ತೊಂದರೆಯಾಗದ ಹಾಗೆ, ಕನ್ನಡದಲ್ಲಿ ಬರೆಯಲು ಶುರು ಮಾಡಿ. ಮುಂದಿನ ಸಲ ಗೆಳತಿ ಕರೆದಾಗ ಹೋಗುವ ಮುಂಚೆ ಅವಳನ್ನೇ ಕೇಳಿ, ಇದರ ಬಗ್ಗೆ ಬರೆಯಬಹುದಾ, ಎಷ್ಟು ಬರೆಯಬಹುದು ಎಂದು.